ಫೆಬ್ರವರಿ 30 ನಿಜವಾಗ್ಲೂ ಬಂದಿತ್ತಾ? ಕ್ವಿಜ್ ನಡೆಸೋಕೆ ಹೋಗಿ ನಾನೇ ಸೋತೆ

ಬಝರ್ ಬಾಬು (ಪ್ರಶ್ನೆ):

ಹನ್ನೊಂದು ವರ್ಷದಿಂದ ಕ್ವಿಜ್ ನಡೆಸ್ತಿದ್ದೀನಿ. ದುಡ್ಡಿಗಲ್ಲ, ಚಟಕ್ಕೆ. ಪ್ರಶ್ನೆಗಳನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ, ಕೇಳಿ ಮುಗಿದ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ ಟಿಕ್. ಕಳೆದ ಭಾನುವಾರ ಸರಿ-ತಪ್ಪು ಸುತ್ತಿನಲ್ಲಿ ಇದನ್ನ ಹಾಕಿದ್ದೆ: "ಫೆಬ್ರವರಿ 30 ಅನ್ನೋ ತಾರೀಖು ಯಾವ ದೇಶದಲ್ಲೂ ಯಾವತ್ತೂ ಬಂದಿಲ್ಲ." ಉತ್ತರ: ಸರಿ. ಬಿಟ್ಟಿ ಅಂಕ, ಸುಸ್ತಾದ ತಂಡಗಳು ಸ್ವಲ್ಪ ಉಸಿರು ಬಿಡಲಿ ಅಂತ.

ಕೊನೇ ಸಾಲಿನ ತಂಡದಿಂದ ಒಬ್ಬ ಹುಡುಗಿ, ಎಂಟೋ ಒಂಬತ್ತೋ ಕ್ಲಾಸಿರಬೇಕು, ಎದ್ದು ನಿಂತು "ತಪ್ಪು ಅಂಕಲ್. ಸ್ವೀಡನ್, 1712" ಅಂದಳು. ನಾನು ನಕ್ಕುಬಿಟ್ಟೆ. "ಪುಟ್ಟಿ, ಫೆಬ್ರವರಿ ಹಣೇಲಿ 29 ದಾಟೋದು ಬರೆದಿಲ್ಲಮ್ಮ" ಅಂತ ಮೈಕಿನಲ್ಲೇ ಡೈಲಾಗ್ ಹೊಡೆದೆ. ಸಭೆಯೆಲ್ಲ ನಕ್ಕಿತು. ಆ ಮಗು ಮಾತಾಡದೆ ಕೂತ್ಕೊಂಡ್ಲು. ಅವರ ತಂಡ ಸೋತಿದ್ದು ಒಂದೇ ಒಂದು ಅಂಕಕ್ಕೆ.

ರಾತ್ರಿ ಮನೆಗೆ ಬಂದು ಹುಡುಕಿದ್ರೆ ಅವಳು ಹೇಳಿದ್ದೇ ಸರಿ. ಊಟ ಸೇರಲಿಲ್ಲ.

ಈಗ ನಂದು ಎರಡು ಪ್ರಶ್ನೆ. ಒಂದು ಇಡೀ ದೇಶಕ್ಕೆ ಫೆಬ್ರವರಿ 30 ಬರೋ ಗತಿ ಹೇಗೆ ಬಂತು? ತಲೆಗೆ ಹತ್ತೋ ಹಾಗೆ ಹೇಳಿ. ಮತ್ತೆ, ತಾರೀಖಿನ ವಿಷಯದಲ್ಲಿ ಇಂಥ ಚೋದ್ಯಗಳು ಇನ್ನೇನಿವೆ? ಫಾರ್ವರ್ಡ್ ಮೆಸೇಜಿನ ಸರಕು ಮಾತ್ರ ಬೇಡ. ಚೀನಾ ಗೋಡೆ ಬಾಹ್ಯಾಕಾಶದಿಂದ ಕಾಣುತ್ತೆ ಅನ್ನೋದನ್ನೂ ಒಂದು ಸಲ ಕೇಳಿ ಕೈ ಸುಟ್ಕೊಂಡಿದ್ದೀನಿ. 2003ರಲ್ಲಿ ಚೀನಾದ್ದೇ ಗಗನಯಾತ್ರಿ ಯಾಂಗ್ ಲಿವೆಯ್ ಹೋಗಿ ಬಂದು ತನಗೆ ಕಾಣಲಿಲ್ಲ ಅಂದಮೇಲೆ ನಾನು ಯಾವ ಬಾಯಲ್ಲಿ ವಾದ ಮಾಡ್ಲಿ?

ಹಳೇ ಕ್ಯಾಲೆಂಡರ್:

ಬಾಬು ಅವರೇ, ಮೊದಲು ಆ ಹುಡುಗಿಗೆ ಅಂಕ ಕೊಡಿ, ಆಮೇಲೆ ಇದನ್ನ ಓದಿ.

ತಕರಾರೆಲ್ಲ ಶುರುವಾಗಿದ್ದು 11 ನಿಮಿಷದಿಂದ. ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರಿನಲ್ಲಿ ವರ್ಷ ಅಂದ್ರೆ 365 ಕಾಲು ದಿನ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಮ್ಮಿ. ಇದೇನು ಮಹಾ ಅನ್ನಿಸುತ್ತೆ, ಆದರೆ 128 ವರ್ಷಕ್ಕೆ ಒಂದು ಪೂರ್ತಿ ದಿನ ಹೆಚ್ಚುವರಿ ಆಗಿಬಿಡುತ್ತೆ. 16ನೇ ಶತಮಾನದ ಹೊತ್ತಿಗೆ, ಮಾರ್ಚ್ 21ಕ್ಕೆ ಇರಬೇಕಾದ ವಸಂತ ವಿಷುವ (ಹಗಲು ರಾತ್ರಿ ಸಮ ಇರೋ ದಿನ) ಮಾರ್ಚ್ 11ರ ಹತ್ತಿರ ಬಂದು ಕೂತಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನ ಕಿತ್ತುಹಾಕಿಸಿ, ನೂರರಿಂದ ಭಾಗವಾಗೋ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ ಅಂತ ನಿಯಮ ತಂದ. ಅದಕ್ಕೇ 2000 ಅಧಿಕ ವರ್ಷ, 1900 ಅಲ್ಲ.

ಪೋಪ್ ಹೇಳಿದ್ದನ್ನ ನಾವ್ಯಾಕೆ ಕೇಳ್ಬೇಕು ಅಂತ ಪ್ರಾಟೆಸ್ಟೆಂಟ್ ದೇಶಗಳು ಬಹಳ ಕಾಲ ಹಳೇದನ್ನೇ ಹಿಡ್ಕೊಂಡಿದ್ವು. ಸ್ವೀಡನ್ ಕೊನೆಗೆ ಒಪ್ಪಿತು, ಆದರೆ ಒಂದೇ ಏಟಿಗೆ ಹನ್ನೊಂದು ದಿನ ಕಿತ್ತರೆ ಜನಕ್ಕೆ ತೊಂದರೆ, ಮೆಲ್ಲಗೆ ಹೋಗೋಣ ಅಂದ್ಕೊಳ್ತು. ಯೋಜನೆ ಏನು ಗೊತ್ತಾ? 1700ರಿಂದ 1740ರವರೆಗೆ ಬರೋ ಹನ್ನೊಂದು ಫೆಬ್ರವರಿ 29ಗಳನ್ನೂ ಬಿಟ್ಟುಬಿಡೋದು. ನಲವತ್ತು ವರ್ಷಕ್ಕೆ ಲೆಕ್ಕ ಸರಿ. ಕಾಗದದ ಮೇಲೆ ಬಲು ಚೆಂದ. ಆ ನಲವತ್ತು ವರ್ಷವೂ ತಮ್ಮ ತಾರೀಖು ಜಗತ್ತಿನಲ್ಲಿ ಇನ್ಯಾರಿಗೂ ಹೊಂದಲ್ಲ ಅನ್ನೋದು ಅವರಿಗೆ ಹೊಳೀಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ.

1700ರಲ್ಲಿ ಬಿಟ್ಟರು. ಅದೇ ವರ್ಷ ರಷ್ಯಾ ಮತ್ತು ಅದರ ಗೆಳೆಯರ ಜೊತೆ ಯುದ್ಧ ಶುರುವಾಯ್ತು. ಆ ಗಲಾಟೆಯಲ್ಲಿ 1704, 1708ರ ಫೆಬ್ರವರಿ 29 ಎಂದಿನಂತೆ ಬಂದು ಹೋದವು. ಈಗ ಸ್ವೀಡನ್ ಹಳೇ ಕ್ಯಾಲೆಂಡರಿಗಿಂತ ಒಂದು ದಿನ ಮುಂದೆ, ಹೊಸ ಕ್ಯಾಲೆಂಡರಿಗಿಂತ ಹತ್ತು ದಿನ ಹಿಂದೆ. 1709ರ ಪೊಲ್ಟಾವಾ ಕದನಕ್ಕೆ ಹಾಗಾಗಿಯೇ ಮೂರು ತಾರೀಖು: ರಷ್ಯನ್ನರಿಗೆ ಜೂನ್ 27, ಸ್ವೀಡನ್ನಿನವರಿಗೆ ಜೂನ್ 28, ಗ್ರೆಗೋರಿಯನ್ ಲೆಕ್ಕದಲ್ಲಿ ಜುಲೈ 8. ಒಂದೇ ಮೈದಾನದಲ್ಲಿ ಎದುರುಬದುರು ನಿಂತು ಹೊಡೆದಾಡಿದ ಎರಡು ಸೈನ್ಯಗಳ ಪಾಲಿಗೆ ಆವತ್ತಿನ ತಾರೀಖೇ ಬೇರೆ ಬೇರೆ. ನಿಮ್ಮ ನೋಟ್‌ಬುಕ್ಕಿಗೆ ಇದನ್ನ ಹಾಕ್ಕೊಳ್ಳಿ, ಫೆಬ್ರವರಿ 30ಕ್ಕಿಂತ ಇದೇ ನನಗೆ ಇಷ್ಟ.

ಕೊನೆಗೆ ರಾಜ 12ನೇ ಕಾರ್ಲ್, ಈ ರಗಳೆಯೇ ಬೇಡ, ಹಳೇ ಲೆಕ್ಕಕ್ಕೇ ವಾಪಸ್ ಹೋಗೋಣ ಅಂದ. ಹಾಗೆ ಹೋಗ್ಬೇಕಾದ್ರೆ 1700ರಲ್ಲಿ ಬಿಟ್ಟಿದ್ದ ಒಂದು ದಿನ ತಿರುಗಿ ಸೇರಿಸ್ಬೇಕಲ್ಲ? 1712 ಹೇಗೂ ಅಧಿಕ ವರ್ಷ, 29 ಇದ್ದೇ ಇತ್ತು. ಅದರ ಮೇಲೊಂದು ಸೇರಿಸಿ 30. ಮುಂದೆ 1753ರಲ್ಲಿ ಬುದ್ಧಿ ಬಂದು, ಫೆಬ್ರವರಿ 17 ಆದಮೇಲೆ ನೇರ ಮಾರ್ಚ್ 1 ಅಂತ ಒಂದೇ ಏಟಿಗೆ ಮುಗಿಸಿದರು. ಅಂದ್ರೆ ಯಾವುದಕ್ಕೆ ಹೆದರಿದ್ದರೋ ಅದನ್ನೇ ಮಾಡಿದರು, 53 ವರ್ಷ ತಡವಾಗಿ.

ಲಾಸ್ಟ್ ಬೆಂಚ್:

ಸೋವಿಯತ್ ಒಕ್ಕೂಟದಲ್ಲೂ ಇತ್ತು ಗುರೂ! 1930, 1931 ಎರಡೂ ವರ್ಷ ಫೆಬ್ರವರಿ 30. ಕಣ್ಮುಚ್ಚಿ ಹಾಕ್ಕೊಳಿ.

ಹಳೇ ಕ್ಯಾಲೆಂಡರ್:

@ಲಾಸ್ಟ್ ಬೆಂಚ್, ಕಣ್ಮುಚ್ಚಬೇಡಿ, ತೆರೀರಿ. ಇದು ಎಲ್ಲಾ ಕಡೆ ಓಡಾಡೋ ಸುಳ್ಳು. ಆ ವರ್ಷಗಳ ಪ್ರಾವ್ದಾ ಪತ್ರಿಕೆಯ ಮೇಲೆ ಮಾಮೂಲಿ ತಾರೀಖೇ ಇದೆ, ಫೆಬ್ರವರಿ 28 ಆದಮೇಲೆ ಮಾರ್ಚ್ 1. ಅವರು ಕೈ ಹಾಕಿದ್ದು ತಿಂಗಳಿಗಲ್ಲ, ವಾರಕ್ಕೆ. 1929ರಲ್ಲಿ ಐದು ದಿನದ ವಾರ ತಂದರು. ಕಾರ್ಮಿಕರನ್ನ ಐದು ಬಣ್ಣದ ಗುಂಪು ಮಾಡಿ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ. ಯಂತ್ರಕ್ಕೆ ರಜೆಯೇ ಇಲ್ಲ, ಅದೇ ಉದ್ದೇಶ. ಗಂಡನದು ಹಳದಿ, ಹೆಂಡತಿಯದು ಹಸಿರು ಅಂದ್ರೆ ಇಬ್ಬರಿಗೂ ಒಟ್ಟಿಗೆ ರಜೆ ಅನ್ನೋದೇ ಇಲ್ಲ. 1931ರಲ್ಲಿ ಅದನ್ನ ಆರು ದಿನಕ್ಕೆ ಬದಲಾಯಿಸಿದರು, 1940ರಲ್ಲಿ ಏಳು ದಿನದ ವಾರಕ್ಕೇ ಮರಳಿದರು.

ಲಾಸ್ಟ್ ಬೆಂಚ್:

ಸರಿ, ಬೆಂಚ್ ಮೇಲೆ ನಿಂತೆ.

ಬಝರ್ ಬಾಬು:

ಥ್ಯಾಂಕ್ಸ್ ಹಳೇ ಕ್ಯಾಲೆಂಡರ್ ಅವರೇ, ಪೊಲ್ಟಾವಾ ಬರ್ಕೊಂಡೆ. ಆದರೆ ಇದನ್ನ ಓದ್ತಾ ಓದ್ತಾ ನನಗೆ ಇನ್ನೊಂದು ಅನುಮಾನ ಶುರುವಾಗಿದೆ. ನೋಟ್‌ಬುಕ್ಕಿನ 43ನೇ ಪುಟ, ನಾಲ್ಕು ಕೆಂಪು ಟಿಕ್ ಬಿದ್ದಿರೋ ಪ್ರಶ್ನೆ: "ಒಂದೇ ದಿನ ತೀರಿಕೊಂಡ ಇಬ್ಬರು ಜಗದ್ವಿಖ್ಯಾತ ಲೇಖಕರು ಯಾರು?" ಉತ್ತರ ಶೇಕ್ಸ್‌ಪಿಯರ್, ಸ್ಪೇನಿನ ಸರ್ವಾಂಟಿಸ್. 1616ರ ಏಪ್ರಿಲ್ 23. ಇಂಗ್ಲೆಂಡಿನಲ್ಲಿ ಆಗ ಯಾವ ಕ್ಯಾಲೆಂಡರ್ ಇತ್ತು ಸಾರ್?

ಅಡಿಟಿಪ್ಪಣಿ:

ನೀವೇ ಹಿಡಿದುಬಿಟ್ರಿ. ಇಂಗ್ಲೆಂಡ್ ಹಳೇ ಕ್ಯಾಲೆಂಡರನ್ನ ಬಿಟ್ಟಿದ್ದು 1752ರಲ್ಲಿ, ಸೆಪ್ಟೆಂಬರ್ 2 ಆದ ಮರುದಿನ ಸೆಪ್ಟೆಂಬರ್ 14. ಸ್ಪೇನ್ 1582ರಲ್ಲೇ ಬದಲಾಗಿತ್ತು. ಹಾಗಾಗಿ ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನಲ್ಲಿ ಮೇ 3. ಇಬ್ಬರ ನಡುವೆ ಹತ್ತು ದಿನ. ಅದೂ ಸಾಲದು ಅಂತ, ಸರ್ವಾಂಟಿಸ್ ಸತ್ತಿದ್ದು 22ಕ್ಕೆ, 23 ಮಣ್ಣು ಮಾಡಿದ ದಿನ ಅಂತ ಈಗಿನ ವಿದ್ವಾಂಸರು ಹೇಳ್ತಾರೆ. ನಾಲ್ಕು ಟಿಕ್ಕನ್ನೂ ಅಳಿಸಬೇಕಾಗುತ್ತೆ.

ಇಂಥದ್ದೇ ಒಂದು ನಿಜವಾದದ್ದು ಬೇಕಾದ್ರೆ ತಗೊಳ್ಳಿ. ಆವಿಲಾದ ಸಂತ ತೆರೇಸಾ ತೀರಿಕೊಂಡಿದ್ದು 1582ರ ಅಕ್ಟೋಬರ್ 4ರ ರಾತ್ರಿ. ಸ್ಪೇನಿನಲ್ಲಿ ಆ ರಾತ್ರಿ ಕಳೆದು ಬೆಳಗಾದರೆ ಅಕ್ಟೋಬರ್ 15! ಕ್ಯಾಲೆಂಡರ್ ಮಗುಚಿದ್ದು ಅದೇ ರಾತ್ರಿ. ಅವರ ಹಬ್ಬ ಇವತ್ತಿಗೂ 15ಕ್ಕೇ.

1752ರಲ್ಲಿ "ನಮ್ಮ ಹನ್ನೊಂದು ದಿನ ವಾಪಸ್ ಕೊಡಿ" ಅಂತ ಇಂಗ್ಲೆಂಡಿನಲ್ಲಿ ದಂಗೆ ಆಯ್ತು ಅಂತ ಯಾರಾದರೂ ಹೇಳಿದ್ರೆ ನಂಬಬೇಡಿ. ಆ ಘೋಷಣೆ ಇರೋದು ಆ ಕಾಲದ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್ ಬರೆದ ಚುನಾವಣೆಯ ವ್ಯಂಗ್ಯಚಿತ್ರದಲ್ಲಿ, ನೆಲದ ಮೇಲೆ ಬಿದ್ದಿರೋ ಒಂದು ಫಲಕದ ಮೇಲೆ.

ಕಡಲಕಾಗೆ:

ನೀವೆಲ್ಲ ದಡದಲ್ಲೇ ಕೂತು ದಿನ ಕಳ್ಕೊಂಡವರ ಕಥೆ ಹೇಳ್ತಾ ಇದ್ದೀರಿ ಮಾರಾಯ್ರೆ. ಸಮುದ್ರದಲ್ಲಿ ದಿನ ಕಳ್ಕೊಂಡವರದ್ದು ಕೇಳಿ.

ಮೆಗಲನ್ ಹೊರಡಿಸಿದ ಹಡಗುಗಳಲ್ಲಿ ಭೂಮಿ ಸುತ್ತಿ ವಾಪಸ್ ಬಂದದ್ದು ವಿಕ್ಟೋರಿಯಾ ಒಂದೇ. ಮೆಗಲನ್ ದಾರಿಯಲ್ಲೇ ಸತ್ತಿದ್ದ. 1522ರ ಜುಲೈಯಲ್ಲಿ, ಹಡಗಿನಲ್ಲಿ ತಿನ್ನಲಿಕ್ಕೆ ಏನೂ ಉಳಿಯದೆ, ಇವರು ಕೇಪ್ ವರ್ಡ್ ದ್ವೀಪದಲ್ಲಿ ಲಂಗರು ಹಾಕ್ತಾರೆ. ಅಕ್ಕಿಗೆ ಅಂತ ದಡಕ್ಕೆ ಹೋಗುವವರಿಗೆ, ಇವತ್ತು ಯಾವ ವಾರ ಅಂತಲೂ ಕೇಳ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದು. ಹಡಗಿನ ಲೆಕ್ಕದಲ್ಲಿ ಆವತ್ತು ಬುಧವಾರ. ದಡದವರು ಹೇಳಿದ್ದು ಗುರುವಾರ!

ಹಡಗಿನಲ್ಲಿ ಪಿಗಫೆಟ್ಟಾ ಅಂತ ಇಟಲಿಯವ ಒಬ್ಬ ದಿನಚರಿ ಬರೀತಿದ್ದ. ಅವನಿಗೆ ತಲೆ ಕೆಟ್ಟುಹೋಯ್ತು. ನಾನು ಕಾಯಿಲೆ ಬಿದ್ದವನಲ್ಲ, ಒಂದು ದಿನವೂ ತಪ್ಪದೆ ಬರೆದಿದ್ದೇನೆ, ತಪ್ಪಿದ್ದೆಲ್ಲಿ ಅಂತ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ. ಅವನು ತಪ್ಪಿರಲಿಲ್ಲ. ಸೂರ್ಯ ಹೋಗುವ ದಿಕ್ಕಿಗೇ, ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಇವರ ಒಂದೊಂದು ದಿನವೂ ಚೂರು ಚೂರು ಉದ್ದ ಆಗಿತ್ತು. ಮೂರು ವರ್ಷದಲ್ಲಿ ಭೂಮಿಗೆ ಒಂದು ಸುತ್ತು ಮುಗಿದಾಗ, ದಡದಲ್ಲಿ ಇದ್ದವರಿಗಿಂತ ಇವರು ನೋಡಿದ ಸೂರ್ಯೋದಯ ಒಂದು ಕಮ್ಮಿ. ನನಗೆ ಆ ಪಿಗಫೆಟ್ಟಾನ ಮೇಲೆ ಪಾಪ ಅಂತ ಕಾಣ್ತದೆ. ಲೆಕ್ಕ ಸರಿ ಇಟ್ಟವನಿಗೇ ಸಂಶಯ ಬಂದದ್ದು ನೋಡಿ.

ಈಗ ಅದಕ್ಕೇ ದಿನಾಂಕ ರೇಖೆ ಇರುವುದು, ಪೆಸಿಫಿಕ್ ಸಮುದ್ರದ ನಡುವೆ, ದಾಟಿದರೆ ತಾರೀಖು ಒಂದು ದಿನ ಬದಲಾಗುವ ಗೆರೆ. ಅದನ್ನು ಆಚೀಚೆ ಎಳೆದರೂ ಮಜಾ. ಸಮೋವಾ 2011ರಲ್ಲಿ ರೇಖೆಯ ಆ ಕಡೆಯಿಂದ ಈ ಕಡೆಗೆ ಬಂತು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಸುಲಭ ಆಗಲಿ ಅಂತ. ಗುರುವಾರ ಡಿಸೆಂಬರ್ 29 ಆಗಿ ನೇರ ಶನಿವಾರ 31. ಆ ಶುಕ್ರವಾರ ಅಲ್ಲಿ ಹುಟ್ಟಿದವರೂ ಇಲ್ಲ, ಸತ್ತವರೂ ಇಲ್ಲ. ಅಲಾಸ್ಕಾದ್ದು ಇದಕ್ಕೆ ಉಲ್ಟಾ. 1867ರಲ್ಲಿ ರಷ್ಯಾ ಅದನ್ನು ಅಮೆರಿಕಕ್ಕೆ ಮಾರಿದಾಗ ಕ್ಯಾಲೆಂಡರೂ ಬದಲಾಯ್ತು, ರೇಖೆಯೂ ಬದಲಾಯ್ತು. ಶುಕ್ರವಾರ ಅಕ್ಟೋಬರ್ 6, ಮರುದಿನ ಶುಕ್ರವಾರ ಅಕ್ಟೋಬರ್ 18.

ನಿಧಾನವೇ ಪ್ರಧಾನ:

ಮನುಷ್ಯರು ಮಾಡ್ಕೊಂಡ ಗೋಜಲು ಸಾಕು. ವರ್ಷಕ್ಕೆ ಸುಮಾರು 400 ದಿನ ಇದ್ದ ಕಾಲವೂ ಇತ್ತು. ಹವಳ ಬೆಳೀತಾ ದಿನಕ್ಕೊಂದು ಸಣ್ಣ ಗೆರೆ ಬಿಡುತ್ತೆ, ಕೂದಲೆಳೆಗಿಂತ ತೆಳು. ಜಾನ್ ವೆಲ್ಸ್ ಅನ್ನೋ ವಿಜ್ಞಾನಿ 1963ರಲ್ಲಿ ಡೆವೋನಿಯನ್ ಕಾಲದ, ಅಂದ್ರೆ ಮೂವತ್ತೆಂಟು ಕೋಟಿ ವರ್ಷಕ್ಕೂ ಹಳೇ ಹವಳದ ಪಳೆಯುಳಿಕೆಗಳಲ್ಲಿ ಒಂದು ವರ್ಷದ ಗೆರೆಗಳನ್ನ ಎಣಿಸಿದ. ಹೆಚ್ಚುಕಮ್ಮಿ 400 ಬಂತು. ಆಗಲೂ ಸೂರ್ಯನ ಸುತ್ತ ಭೂಮಿ ಸುತ್ತೋಕೆ ಹಿಡೀತಿದ್ದ ಕಾಲ ಅಷ್ಟೇ. ದಿನವೇ ಚಿಕ್ಕದು, 22 ಗಂಟೆ ಆಸುಪಾಸು. ಚಂದ್ರ ಎಬ್ಬಿಸೋ ಉಬ್ಬರವಿಳಿತ ಭೂಮಿಗೆ ಬ್ರೇಕ್ ಹಾಕ್ತಾ ಬಂದಿದೆ, ಅದರ ಜೊತೆಗೇ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗ್ತಿದೆ.

ಬಾಬು ಸಾರ್, ಕ್ವಿಜ್‌ಗೆ: "61 ಸೆಕೆಂಡಿನ ನಿಮಿಷ ಇದೆಯಾ?" ಇದೆ. ತೀರಾ ಈಚಿನದ್ದು 2016ರ ಡಿಸೆಂಬರ್ 31ರ ಕೊನೆಯಲ್ಲಿ, ಜಾಗತಿಕ ಸಮಯ 23:59:60. ನಿಧಾನ ಆಗ್ತಿರೋ ಭೂಮಿಗೆ ಗಡಿಯಾರ ಹೊಂದಿಸೋಕೆ 1972ರಿಂದ ಆವತ್ತಿನವರೆಗೆ ಹೀಗೆ 27 ಸೆಕೆಂಡು ಸೇರಿಸಿದ್ದಾರೆ.

ಬಝರ್ ಬಾಬು:

ಎಲ್ಲರಿಗೂ ದೊಡ್ಡ ನಮಸ್ಕಾರ. 43ನೇ ಪುಟಕ್ಕೆ ಅಡ್ಡಗೆರೆ ಬಿತ್ತು. ಇನ್ನು ಮೇಲೆ ಪ್ರಶ್ನೆಯಲ್ಲಿ "ಯಾವತ್ತೂ", "ಎಲ್ಲೂ" ಅನ್ನೋ ಪದ ಬಳಸಲ್ಲ ಅಂತ ನೋಟ್‌ಬುಕ್ಕಿನ ರಟ್ಟಿನ ಒಳಗಡೆ ಬರೆದಿದ್ದೀನಿ.

ಇವತ್ತು ಸಂಘಟಕರ ಹತ್ತಿರ ನಂಬರ್ ತಗೊಂಡು ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿ, ಅವಳ ಹತ್ತಿರವೇ ಮಾತಾಡಿದೆ. ತಪ್ಪಾಯ್ತು ಪುಟ್ಟಿ, ಅಂಕ ನಿಂದೇ, ಮುಂದಿನ ಸಲ ಮೈಕಿನಲ್ಲೇ ಹೇಳ್ತೀನಿ ಅಂದೆ. ಪರವಾಗಿಲ್ಲ ಅಂಕಲ್ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಕ್ಸೆಲ್‌ನಲ್ಲಿ ಒಂದು ಖಾನೆಯಲ್ಲಿ 60 ಅಂತ ಹಾಕಿ, ಅದನ್ನ ತಾರೀಖಾಗಿ ಬದಲಾಯಿಸಿ ನೋಡಿ" ಅಂದು ಫೋನ್ ಇಟ್ಟಳು.

ಈಗಷ್ಟೇ ಮಾಡಿ ನೋಡಿದೆ. 1900ರ ಫೆಬ್ರವರಿ 29 ಅಂತ ತೋರಿಸ್ತಿದೆ. 1900 ಅಧಿಕ ವರ್ಷ ಅಲ್ಲ ತಾನೇ?

ಹಳೇ ಕ್ಯಾಲೆಂಡರ್:

ಅಲ್ಲ. ಎಕ್ಸೆಲ್‌ಗಿಂತ ಮುಂಚೆ ಲೋಟಸ್ 1-2-3 ಅಂತ ಲೆಕ್ಕದ ಹಾಳೆಗಳ ಒಂದು ಸಾಫ್ಟ್‌ವೇರ್ ಇತ್ತು, ಅದರಲ್ಲಿದ್ದ ತಪ್ಪು ಅದು: 1900ರ ಜನವರಿ 1 ಅಂದ್ರೆ 1 ಅಂತ ಶುರುಮಾಡಿ ದಿನ ಎಣಿಸೋವಾಗ, ಇಲ್ಲದ ಫೆಬ್ರವರಿ 29ನ್ನೂ 60 ಅಂತ ಎಣಿಸ್ತಿತ್ತು. ಅದರ ಫೈಲುಗಳು ಇದರಲ್ಲೂ ಸರಿಯಾಗಿ ತೆರೀಬೇಕು ಅಂತ ಮೈಕ್ರೋಸಾಫ್ಟ್‌ನವರು ಬೇಕಂತಲೇ ಆ ತಪ್ಪನ್ನೂ ಉಳಿಸ್ಕೊಂಡರು. ಈಗ ತಿದ್ದಿದರೆ ಇದ್ದಬದ್ದ ಹಾಳೆಗಳ ತಾರೀಖೆಲ್ಲ ಒಂದೊಂದು ದಿನ ಜಾರುತ್ತೆ.

ಆ ಹುಡುಗಿಯನ್ನ ಮುಂದಿನ ಸಲ ನಿಮ್ಮ ಪಕ್ಕ ಕೂರಿಸ್ಕೊಳ್ಳಿ ಸಾರ್, ಎದುರಿಗೆ ಬೇಡ.