ಪ್ರೆಪ್ ಮಾತ್ರೆ ಶುರು ಮಾಡ್ಬೇಕು, ಮೈಸೂರು-ಮಂಡ್ಯ ಕಡೆ ಗೊತ್ತಿರೋರು ದಯವಿಟ್ಟು ಹೇಳಿ

ಮದ್ದೂರು ಹುಡ್ಗ
ಸೋಮವಾರ, ಬೆಳಗ್ಗೆ 6.10

ಎಲ್ಲರಿಗೂ ನಮಸ್ಕಾರ. ಬಾಯಿ ಬಿಟ್ಟು ಯಾರನ್ನೂ ಕೇಳೋಕೆ ಆಗ್ತಿಲ್ಲ, ಅದಕ್ಕೆ ಹೆಸರು ಹಾಕದೆ ಇಲ್ಲಿ ಬರೀತಿದ್ದೀನಿ. ಊರು ಮದ್ದೂರು ತಾಲ್ಲೂಕು. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ವಾರಕ್ಕೊಂದು ಪಾಳಿ. ಹೂಟಗಳ್ಳೀಲಿ ರೂಮು, ಜೊತೇಲಿ ನಮ್ಮ ದೊಡ್ಡಪ್ಪನ ಮಗ ಇದಾನೆ. ನಾನು ಗಂಡಸರನ್ನ ಇಷ್ಟಪಡೋನು. ಮನೇಲಿ ಗೊತ್ತಿಲ್ಲ, ರೂಮಲ್ಲೂ ಗೊತ್ತಿಲ್ಲ.

ಎಚ್‌ಐವಿ ಬರದೇ ಇರೋ ಹಾಗೆ ಮೊದಲೇ ತಗೊಳ್ಳೋ ಮಾತ್ರೆ ಇದೆ, ಪ್ರೆಪ್ ಅಂತಾರೆ ಅಂತ ಗೊತ್ತಾಯ್ತು. ದಿನಾ ತಗೊಳ್ಳೋರೂ ಇದಾರಂತೆ, ಬೇಕಾದಾಗ ಮಾತ್ರ ತಗೊಳ್ಳೋರೂ ಇದಾರಂತೆ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರಾ, ಚೀಟಿ ಬೇಕಾ? ನಾನು ಜಿಮ್‌ಗೆ ಹೋಗ್ತೀನಿ, ಪ್ರೋಟೀನ್ ಪುಡಿ, ಕ್ರಿಯಾಟಿನ್ ಎರಡೂ ತಗೋತೀನಿ, ಅದರಿಂದ ತೊಂದರೆ ಆಗುತ್ತಾ? ಬಾಟಲಿ ರೂಮಲ್ಲಿ ಎಲ್ಲಿ ಇಡೋದು ಅನ್ನೋದೇ ಒಂದು ದೊಡ್ಡ ಯೋಚನೆ ಆಗಿದೆ. ಸ್ನೇಹಿತ ಒಬ್ಬ ಡಾಕ್ಸಿ ಅಂತ ಇನ್ನೊಂದು ಮಾತ್ರೆ ಹೇಳ್ದ, ಆಮೇಲೆ ನುಂಗಿದ್ರೆ ಸಿಫಿಲಿಸ್, ಗೊನೊರಿಯಾ ಅಂಥ ಗುಪ್ತರೋಗ ಯಾವುದೂ ಬರಲ್ವಂತೆ. ಅವನ ಹತ್ರ ಅರ್ಧ ಸ್ಟ್ರಿಪ್ ಉಳಿದಿದೆ, ಕೊಡ್ತೀನಿ ಅಂದಿದಾನೆ.

ಇನ್ನೊಂದು ವಿಷಯ. ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ ಕಾಂಡೋಮ್ ಹರಿದು ಹೋಯ್ತು. ಅವರು ಯಾವತ್ತೂ ಟೆಸ್ಟ್ ಮಾಡಿಸಿಲ್ವಂತೆ, ನೋಡೋಕೆ ಆರೋಗ್ಯವಾಗೇ ಇದಾರೆ. ಪ್ರೆಪ್ ಇವತ್ತೇ ಶುರು ಮಾಡಿದ್ರೆ ಅದಕ್ಕೂ ಆಗುತ್ತಾ?


ಮಂಡ್ಯದ ಕೌನ್ಸೆಲರ್ ಅಕ್ಕ
ಸೋಮವಾರ, ಬೆಳಗ್ಗೆ 6.45

ತಮ್ಮಾ, ನೀನು ಅಂತಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ವರ್ಷಗಟ್ಟಲೆ ಆಪ್ತ ಸಮಾಲೋಚಕಿಯಾಗಿದ್ದೆ, ನಿನ್ನಂಥ ಎಷ್ಟೋ ಜನ ನನ್ನ ಮೇಜಿನ ಮುಂದೆ ಕೂತು ಎದ್ದು ಹೋಗಿದಾರೆ. ಕೊನೇಲಿ ಬರೆದ ವಿಷಯವನ್ನ ನೀನು ಮೊದಲು ಬರೀಬೇಕಿತ್ತು. ಪ್ರೆಪ್ ವಿಚಾರ ಆಮೇಲೆ ನೋಡೋಣ, ಈಗ ನಿನಗೆ ಬೇಕಿರೋದು ಪೆಪ್.

ಪ್ರೆಪ್ ಅಂದ್ರೆ ಸಂಪರ್ಕಕ್ಕೆ ಮೊದಲು ತಗೊಳ್ಳೋದು. ಪೆಪ್ ಅಂದ್ರೆ ಇಂಥದ್ದೊಂದು ಆದಮೇಲೆ ತಗೊಳ್ಳೋದು. 72 ಗಂಟೆ ಒಳಗೆ ಶುರು ಆಗಬೇಕು, ನಿನ್ನ ಲೆಕ್ಕಕ್ಕೆ ಅದು ಮಂಗಳವಾರ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತೆ. ಹಾಗಂತ ನಾಳೆವರೆಗೂ ಟೈಮ್ ಇದೆಯಲ್ಲ ಅಂತ ಕೂರಬೇಡ. ವೈರಸ್ಸು ಒಳಗೆ ಹೋಗಿದ್ರೆ ಒಂದೊಂದು ಗಂಟೆಗೂ ಬೇರು ಬಿಡ್ತಾ ಹೋಗುತ್ತೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು. ಇವತ್ತು ಪಾಳಿ ತಪ್ಪಿದ್ರೆ ತಪ್ಪಲಿ. ಹೊಟ್ಟೆ ಸರಿ ಇಲ್ಲ ಅಂತ ಸೂಪರ್‌ವೈಸರ್‌ಗೆ ಫೋನ್ ಹಾಕಿ ಹೊರಡು.

ಎಲ್ಲಿಗೆ ಅಂದ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೇಲಿ ಎಚ್‌ಐವಿ ಔಷಧ ಕೊಡೋ ಎಆರ್‌ಟಿ ಕೇಂದ್ರ ಇದೆ. ಊರ ಕಡೆ ಬರೋದಾದ್ರೆ ಮಂಡ್ಯದಲ್ಲಿ ಸರ್ಕಾರಿ ಆಸ್ಪತ್ರೆ ಮಿಮ್ಸ್ ಇದೆ. ಕ್ಯಾಶುವಾಲ್ಟಿ ಇರೋ ಯಾವ ದೊಡ್ಡ ಖಾಸಗಿ ಆಸ್ಪತ್ರೆಯಾದರೂ ಆಗುತ್ತೆ. ಚೀಟಿ ಮಾಡ್ಸೋವಾಗ ಕತೆ ಹೇಳೋಕೆ ಹೋಗಬೇಡ, ಡಾಕ್ಟರ್ ಹತ್ರ ನೇರವಾಗಿ ಹೇಳು: 'ಶನಿವಾರ ರಾತ್ರಿ ಕಾಂಡೋಮ್ ಹರೀತು, ಎದುರಿನವರ ಎಚ್‌ಐವಿ ಸ್ಥಿತಿ ಗೊತ್ತಿಲ್ಲ, ನನಗೆ ಪೆಪ್ ಬೇಕು.' ಈ ಮಾತು ಬಾಯಿಪಾಠ ಮಾಡ್ಕೊಂಡು ಹೋಗು, ಅಲ್ಲಿ ನಿಂತಾಗ ಗಂಟಲು ಕಟ್ಟುತ್ತೆ. ಸರ್ಕಾರದ ಉಚಿತ ಪೆಪ್ ಮುಖ್ಯವಾಗಿ ಆಸ್ಪತ್ರೇಲಿ ಸೂಜಿ ಚುಚ್ಚಿಸಿಕೊಂಡ ಸಿಬ್ಬಂದಿಗೆ, ಅತ್ಯಾಚಾರಕ್ಕೆ ಒಳಗಾದವರಿಗೆ ಅಂತ ಇರೋದು. ಹಾಗಾಗಿ ನಿನಗೆ ಚೀಟಿ ಬರೆದುಕೊಟ್ಟು ಹೊರಗೆ ತಗೊಳ್ಳಿ ಅನ್ನಬಹುದು. ಅಂದ್ರೆ ತಗೋ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿರೋ ಒಂದೇ ಮಾತ್ರೆ ಬರುತ್ತೆ. ದಿನಕ್ಕೊಂದು, 28 ದಿನ, ನಡುವೆ ಬಿಡೋ ಹಾಗಿಲ್ಲ.

ಆರೋಗ್ಯವಾಗಿ ಕಾಣ್ತಾರೆ ಅನ್ನೋದನ್ನ ತಲೆಯಿಂದ ತೆಗೆದುಹಾಕು. ಸೋಂಕು ತಗುಲಿ ವರ್ಷಗಟ್ಟಲೆ ಗದ್ದೆ ಕೆಲಸ ಮಾಡ್ಕೊಂಡು ಗಟ್ಟಿಮುಟ್ಟಾಗಿ ಇದ್ದವರನ್ನ ಕಣ್ಣಾರೆ ನೋಡಿದೀನಿ. ಯಾರೂ ಸಿಗದಿದ್ರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗಿದ ಮೇಲೆ ಇಲ್ಲಿ ಒಂದು ಸಾಲು ಹಾಕು.


ಹಳೇ ಮೈಸೂರಿಗ
ಸೋಮವಾರ, ಬೆಳಗ್ಗೆ 10.20

ಹುಡುಗ ಆಸ್ಪತ್ರೆಗೆ ಹೋಗಿರಲಿ ಅಂತ ದೇವರಲ್ಲಿ ಬೇಡ್ಕೋತೀನಿ. ಆದ್ರೂ ಮನಸ್ಸಿನಲ್ಲಿರೋದು ಹೇಳಬೇಕು. ಮಾತ್ರೆ ಇದೆ ಅಂತ ಗೊತ್ತಾದ್ರೆ ಹುಡುಗರು ಕಾಂಡೋಮ್ ಬಿಟ್ಟುಬಿಡಲ್ವಾ? ನನ್ನ ಜೊತೆ ಓದಿದ ಒಬ್ಬನನ್ನ ಈ ಕಾಯಿಲೆಗೆ ಕಳ್ಕೊಂಡೆ. ಸರ್ಕಾರ 2004ರಲ್ಲಿ ಉಚಿತವಾಗಿ ಔಷಧ ಕೊಡೋಕೆ ಶುರು ಮಾಡೋಕೂ ಮುಂಚಿನ ಮಾತು ಅದು. ಕೊನೇಲಿ ಅವನ ಸ್ವಂತ ಅಣ್ಣ ನೀರಿನ ಲೋಟ ಕೈಗೆ ಕೊಡದೆ ಕಿಟಕಿ ಮೇಲಿಟ್ಟು ಹೋಗ್ತಿದ್ದ. ಅದನ್ನ ನೋಡಿದೋನಿಗೆ ಈ ವಿಷಯ ಹಗುರಾಗಿ ತಗೊಳ್ಳೋಕೆ ಆಗಲ್ಲ.


ಮಂಡ್ಯದ ಕೌನ್ಸೆಲರ್ ಅಕ್ಕ
ಸೋಮವಾರ, ಮಧ್ಯಾಹ್ನ 1.05

ಸರ್, ನಿಮ್ಮ ಸ್ನೇಹಿತರ ವಿಷಯ ಓದಿ ಸಂಕಟ ಆಯ್ತು. ಆ ಕಾಲ ನಾನೂ ನೋಡಿದೀನಿ. ನಿಮ್ಮ ಪ್ರಶ್ನೆಗೆ ಉತ್ತರ ನಮ್ಮ ಮೈಸೂರಲ್ಲೇ ಇದೆ. ಆಶೋದಯ ಸಮಿತಿ ಅಂತ ಲೈಂಗಿಕ ವೃತ್ತಿಯಲ್ಲಿರೋರೇ ಕಟ್ಟಿಕೊಂಡ ಸಂಘಟನೆ ಇದೆ. ಭಾರತದಲ್ಲಿ ಪ್ರೆಪ್ ಅನ್ನ ಮೊದಮೊದಲು ನಡೆಸಿ ತೋರಿಸಿದ್ದು ಅವರು, ಮತ್ತೆ ಕೋಲ್ಕತ್ತಾದ ಸೋನಾಗಾಚಿಯ ದುರ್ಬಾರ್ ಸಂಘಟನೆಯವರು. 2016ರ ಸುಮಾರಿಗೆ ಶುರುವಾದ ಆ ಯೋಜನೇಲಿ ಮೈಸೂರಿನ ಆರುನೂರಕ್ಕೂ ಹೆಚ್ಚು ಮಹಿಳೆಯರು ದಿನಾ ಮಾತ್ರೆ ತಗೊಂಡ್ರು. ಅವರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ, ಕಾಂಡೋಮ್ ಬಳಕೆಯೂ ಬೀಳಲಿಲ್ಲ. ಅದು ಬಾಟಲಿ ಕೈಗಿಟ್ಟು ಕಳಿಸಿದ್ದರಿಂದ ಆಗಿದ್ದಲ್ಲ. ಅವರವರ ನಡುವಿನ ಹೆಣ್ಣುಮಕ್ಕಳೇ ಜೊತೆ ನಿಂತು, ಇವತ್ತು ತಗೊಂಡ್ಯಾ, ತಲೆ ಸುತ್ತಿತಾ, ಕ್ಲಿನಿಕ್‌ಗೆ ಬಾ ಅಂತ ವಿಚಾರಿಸ್ಕೊಂಡಿದ್ದರಿಂದ ಆಗಿದ್ದು. ಬಸ್ ಸ್ಟ್ಯಾಂಡ್ ಹತ್ರ ನಿಂತ ಹೆಣ್ಣುಮಕ್ಕಳನ್ನ ಕಂಡ್ರೆ ಮುಖ ತಿರುಗಿಸೋ ಊರು ನಮ್ಮದು. ಪ್ರೆಪ್ ಬಗ್ಗೆ ದೇಶಕ್ಕೆ ಪಾಠ ಹೇಳಿಕೊಟ್ಟೋರು ಅವರೇ ಅನ್ನೋದು ನನಗೆ ಹೆಮ್ಮೆ.

ಈ ಹುಡುಗನೂ ಕಾಂಡೋಮ್ ಹಾಕಿದ್ದ, ಅದು ಹರೀತು. ಅಂಥ ದಿನಕ್ಕೆ ಒಂದು ಆಸರೆ ಇರಲಿ ಅಂತಲೇ ಈ ಮಾತ್ರೆ.


ಹುಣಸೂರು ಸೊಸೆ
ಸೋಮವಾರ, ರಾತ್ರಿ 9.30

ಹೆಂಗಸರೂ ಇದನ್ನ ಓದ್ತಿದ್ರೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ. ನಮ್ಮ ಯಜಮಾನರಿಗೆ ಎಚ್‌ಐವಿ ಇದೆ, ನನಗಿಲ್ಲ. ಅವರು ಔಷಧ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ, ರಕ್ತದಲ್ಲಿ ವೈರಸ್ ಇಳಿಯೋವರೆಗೂ, ಡಾಕ್ಟರ್ ನನಗೆ ಪ್ರೆಪ್ ಕೊಟ್ಟಿದ್ರು. ಸಂಜೆ ದೀಪ ಹಚ್ಚೋ ಹೊತ್ತಿಗೆ ತಗೋತಿದ್ದೆ, ಮರೀತಿರಲಿಲ್ಲ. ಶುರುವಿನಲ್ಲಿ ಸ್ವಲ್ಪ ಓಕರಿಕೆ, ಹೊಟ್ಟೆ ಉಬ್ಬರ ಇತ್ತು, ಆಮೇಲೆ ಹೋಯ್ತು. ಅವರ ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಆಗಿ, ಹಾಗೇ ಉಳಿದ ಮೇಲೆ ನನ್ನ ಮಾತ್ರೆ ನಿಲ್ಲಿಸಿದ್ರು. ಅಷ್ಟು ಕಡಿಮೆ ಇದ್ದು, ಔಷಧ ತಪ್ಪಿಸದೆ ಇದ್ರೆ ಗಂಡ-ಹೆಂಡತಿ ಸಂಬಂಧದಿಂದ ಹರಡಲ್ಲ. ನಮಗೀಗ ಮಗಳಿದಾಳೆ, ಅವಳಿಗೂ ನೆಗೆಟಿವ್.

ಒಂದು ಮಾತು: ಬೇಕಾದಾಗ ಮಾತ್ರ ತಗೊಳ್ಳೋ ಪದ್ಧತಿ ಹೆಂಗಸರಿಗಲ್ಲ. ನಾವು ದಿನಾ ತಗೋಬೇಕು, ಪೂರ್ತಿ ರಕ್ಷಣೆ ಬರೋಕೂ ಕಡಿಮೆ ಅಂದ್ರೆ ಒಂದು ವಾರ ಬೇಕು ಅಂತ ನನಗೆ ಹೇಳಿದ್ರು.


ಮದ್ದೂರು ಹುಡ್ಗ
ಮಂಗಳವಾರ, ಬೆಳಗ್ಗೆ 5.50

ಅಕ್ಕ, ನಿನ್ನೆ ಮಧ್ಯಾಹ್ನಾನೇ ಮೊದಲ ಮಾತ್ರೆ ನುಂಗಿದೆ. ಹೊರಗಡೆ ಮೆಡಿಕಲ್‌ನಲ್ಲಿ ತಗೊಂಡಿದ್ದು, ಮೊದಲನೇ ಅಂಗಡೀಲಿ ಇರಲಿಲ್ಲ. ರಕ್ತ ಕೊಟ್ಟು ಬಂದೆ, ಎಚ್‌ಐವಿ ನೆಗೆಟಿವ್, ಉಳಿದ ರಿಪೋರ್ಟ್ ಇನ್ನೂ ಬರಬೇಕು. ಆಸ್ಪತ್ರೆ ಹೆಸರು ಬೇಡ. ಅಲ್ಲಿ ಕೂತಿದ್ದ ಒಬ್ಬರು ಎಲ್ಲರಿಗೂ ಕೇಳೋ ಹಾಗೆ 'ಹುಡುಗೀನೋ, ಹುಡುಗಾನೋ' ಅಂದ್ರು. ಪಕ್ಕದ ಬೆಂಚಲ್ಲಿ ಕೂಸು ಎತ್ಕೊಂಡ ಅಜ್ಜಿ ಇದ್ರು, ತಿರುಗಿ ನೋಡಿದ್ರು. ಎದ್ದು ಬಂದುಬಿಡೋಣ ಅನ್ನಿಸ್ತು. ನೀವು ಬರೆದಿದ್ದ ಮಾತನ್ನೇ ಇನ್ನೊಂದು ಸಲ ಹೇಳಿದೆ. ಡಾಕ್ಟರಮ್ಮ ಒಬ್ಬರು ಬಂದು ಒಳಗೆ ಕರ್ಕೊಂಡು ಹೋಗಿ ಚೆನ್ನಾಗಿ ಮಾತಾಡಿಸಿದ್ರು.

ಈಗ ಡಾಕ್ಸಿದು, ಪ್ರೆಪ್‌ದು ಹೇಳಿ ಅಕ್ಕ. 28 ದಿನ ಆದಮೇಲೆ ಏನು ಮಾಡ್ಲಿ?


ಮಂಡ್ಯದ ಕೌನ್ಸೆಲರ್ ಅಕ್ಕ
ಮಂಗಳವಾರ, ಬೆಳಗ್ಗೆ 7.30

ಒಳ್ಳೇ ಕೆಲಸ ಮಾಡ್ದೆ ತಮ್ಮಾ, ನೆಮ್ಮದಿ ಆಯ್ತು. ಆ ಬೆಂಚಿನ ಮುಂದೆ ಹಾಗೆ ಕೇಳಿದ್ದು ತಪ್ಪು. ಎಚ್‌ಐವಿ-ಏಡ್ಸ್ ಕಾಯ್ದೆ ಅಂತ 2017ರಲ್ಲಿ ಆಗಿದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ನಿನ್ನ ವಿಷಯ ಗುಟ್ಟಾಗಿ ಇಡಬೇಕು. ಇಬ್ಬರು ವಯಸ್ಕ ಗಂಡಸರು ಒಪ್ಪಿ ಕೂಡೋದು ಅಪರಾಧ ಅಲ್ಲ ಅಂತ ಅದೇ ತಿಂಗಳು ಸುಪ್ರೀಂ ಕೋರ್ಟೂ ಹೇಳಿದೆ. ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ.

ಈಗಿನ ಮಾತ್ರೆ ಬಗ್ಗೆ ಒಂದು ಜಾಗ್ರತೆ. ಹೊಟ್ಟೆ ಉರಿಗೆ ಕುಡೀತೀವಲ್ಲ ಗುಲಾಬಿ ಬಣ್ಣದ ಔಷಧಿ, ಅದು ಡೊಲುಟೆಗ್ರಾವಿರ್ ಕೆಲಸ ಮಾಡೋಕೆ ಬಿಡಲ್ಲ. ಬೇಕೇ ಬೇಕು ಅಂದ್ರೆ ಮಾತ್ರೆ ತಗೊಂಡು ಎರಡು ಗಂಟೆ ಆದಮೇಲೆ ಕುಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ರೂ ಡಾಕ್ಟರ್‌ಗೆ ಹೇಳು. ನಿನ್ನ ಪಾಳಿ ವಾರವಾರ ಬದಲಾಗೋದ್ರಿಂದ ಮೂರೂ ಪಾಳೀಲಿ ಎಚ್ಚರ ಇರೋ ಒಂದು ಹೊತ್ತು ಹಿಡ್ಕೋ, ರಾತ್ರಿ ಊಟ ಆದ್ರೆ ಒಳ್ಳೇದು.

28 ದಿನ ಮುಗಿದ ಕೂಡಲೇ ಮತ್ತೆ ಎಚ್‌ಐವಿ ಟೆಸ್ಟ್. ನೆಗೆಟಿವ್ ಬಂದ್ರೆ ನಡುವೆ ಬಿಡುವು ಕೊಡದೆ ಪ್ರೆಪ್‌ಗೆ ದಾಟಬಹುದು. ಆಮೇಲಿನ ಟೆಸ್ಟ್‌ಗಳನ್ನ ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ಮಾಡಿಸು. ಪ್ರೆಪ್ ಅಂದ್ರೆ ಟೆನೊಫೊವಿರ್ 300, ಎಮ್‌ಟ್ರಿಸಿಟಬಿನ್ 200 ಸೇರಿರೋ ಮಾತ್ರೆ. ಸರ್ಕಾರಿ ಆಸ್ಪತ್ರೇಲಿ ಎಲ್ಲರಿಗೂ ಉಚಿತವಾಗಿ ಸಿಗೋ ಹಾಗೆ ಇನ್ನೂ ಆಗಿಲ್ಲ, ಚೀಟಿ ಬರೆಸಿ ಕೊಳ್ಳಬೇಕು. ಅಂಗಡಿಯವನು ಚೀಟಿ ಇಲ್ಲದೇ ಕೊಟ್ರೂ ನೀನು ತಗೋಬೇಡ. ಯಾಕಂದ್ರೆ ಒಳಗೆ ಆಗಲೇ ಸೋಂಕಿದ್ದು ಈ ಎರಡೇ ಔಷಧ ನುಂಗ್ತಾ ಹೋದ್ರೆ ವೈರಸ್ಸು ಔಷಧಿಗೆ ಜಗ್ಗದ ಹಾಗೆ ಬಲಿಯುತ್ತೆ, ಆಮೇಲೆ ಚಿಕಿತ್ಸೆ ಕಷ್ಟ ಆಗುತ್ತೆ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡ್ಕೊಂಡಿಲ್ಲ. ಮೊದಲು ಟೆಸ್ಟು, ಆಮೇಲೆ ಮೂರು ತಿಂಗಳಿಗೊಂದು ಟೆಸ್ಟು.

ಕಿಡ್ನಿಗೆ ಕ್ರಿಯಾಟಿನಿನ್ ಅಂತ ರಕ್ತಪರೀಕ್ಷೆ ಮಾಡ್ತಾರೆ. ನೀನು ಜಿಮ್‌ಗೆ ತಗೊಳ್ಳೋ ಕ್ರಿಯಾಟಿನ್‌ನಿಂದ ಕಿಡ್ನಿ ಚೆನ್ನಾಗಿದ್ರೂ ಆ ಅಂಕಿ ಮೇಲೆ ಹೋಗಬಹುದು, ಡಾಕ್ಟರ್ ಗಾಬರಿಯಾಗಿ ಮಾತ್ರೆ ನಿಲ್ಲಿಸ್ತಾರೆ. ಮುಂಚೇನೇ ಹೇಳಿಬಿಡು. ಮೈಕೈ ನೋವಿಗೆ ದಿನಾ ಡೈಕ್ಲೊಫೆನಾಕ್ ನುಂಗೋ ಅಭ್ಯಾಸ ಇದ್ರೆ ಬಿಡು, ಟೆನೊಫೊವಿರ್ ಜೊತೆ ಕಿಡ್ನಿಗೆ ಪೆಟ್ಟು. ಹೆಪಟೈಟಿಸ್ ಬಿ ಟೆಸ್ಟೂ ಆಗಲೇಬೇಕು. ಅದು ಇದ್ದೋರು ಟೆನೊಫೊವಿರ್ ತಟಕ್ಕಂತ ನಿಲ್ಲಿಸಿದ್ರೆ ಲಿವರ್ ಕೆರಳುತ್ತೆ. ಇಲ್ಲ ಅಂದ್ರೆ ಲಸಿಕೆ ಹಾಕಿಸ್ಕೋ, ಮೂರು ಡೋಸು. ಅದೂ ಲೈಂಗಿಕ ಸಂಪರ್ಕದಿಂದ ಬರೋ ಕಾಯಿಲೆಯೇ.

ಬೇಕಾದಾಗ ಮಾತ್ರ ತಗೊಳ್ಳೋ ಪದ್ಧತಿ ನಿನ್ನಂಥ ಗಂಡಸರಿಗೆ ಆಗುತ್ತೆ. ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಎರಡು ತಗೊಂಡ ಹೊತ್ತಿಂದ 24 ಗಂಟೆಗೆ ಒಂದು, 48ಕ್ಕೆ ಇನ್ನೊಂದು. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ, ಪಾಳಿ ಕೆಲಸದೋನು ನೀನು, ಯಾವಾಗ ಬಿಡುವು ಸಿಗುತ್ತೋ ನಿನಗೇ ಗೊತ್ತಿರಲ್ಲ. ದಿನಾ ಒಂದು ತಗೊಳ್ಳೋದೇ ನಿನಗೆ ಸಲೀಸು.

ಬಾಟಲಿಯೊಳಗೆ ತೇವ ಹೀರೋ ಪುಟ್ಟ ಪೊಟ್ಟಣ ಇರುತ್ತೆ, ಅದನ್ನ ಬಿಸಾಡಬೇಡ, ಮಾತ್ರೆ ಪೂರಾ ಬೇರೆ ಡಬ್ಬಿಗೆ ಸುರೀಬೇಡ. ಅಲ್ಲಾಡಿಸಿದ್ರೆ ಸದ್ದು ಬರುತ್ತೆ, ಒಂಚೂರು ಹತ್ತಿ ತುಂಬು. ನಿನ್ನ ಪ್ರೋಟೀನ್ ಡಬ್ಬಿ ಪಕ್ಕದಲ್ಲೇ ಇಟ್ರೆ ಯಾರೂ ಕೇಳಲ್ಲ.

ಡಾಕ್ಸಿ ವಿಷಯ. ಸಂಪರ್ಕ ಆಗಿ 72 ಗಂಟೆ ಒಳಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ತಗೊಂಡ್ರೆ ಸಿಫಿಲಿಸ್, ಕ್ಲಮೀಡಿಯ ಚೆನ್ನಾಗಿ ಕಡಿಮೆ ಆಗುತ್ತೆ ಅಂತ ಅಮೆರಿಕದಲ್ಲಿ ಗಂಡಸರ ಜೊತೆ ಸಂಬಂಧ ಇರೋ ಗಂಡಸರ ಮತ್ತೆ ಟ್ರಾನ್ಸ್ ಮಹಿಳೆಯರ ಮೇಲೆ ನಡೆದ ಅಧ್ಯಯನ 2023ರಲ್ಲಿ ತೋರಿಸ್ತು. ಗೊನೊರಿಯಾಕ್ಕೆ ಅಷ್ಟು ಭರವಸೆ ಇಲ್ಲ, ಎಚ್‌ಐವಿಗೆ ಏನೇನೂ ಉಪಯೋಗ ಇಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2024ರಲ್ಲಿ ಸಲಹೆ ಕೊಟ್ಟಿದ್ದೂ, ಹಿಂದಿನ ಒಂದು ವರ್ಷದಲ್ಲಿ ಇಂಥ ಸೋಂಕು ಬಂದಿದ್ದವರಿಗೆ, ಡಾಕ್ಟರ್ ಜೊತೆ ಮಾತಾಡಿ ಅಂತ. ನಿನ್ನ ಸ್ನೇಹಿತನ ಅರ್ಧ ಸ್ಟ್ರಿಪ್ ಯಾಕೆ ಉಳೀತು ಅಂತ ಅವನನ್ನ ಕೇಳು. ಯಾವುದೋ ಸೋಂಕಿಗೆ ಕೊಟ್ಟಿದ್ದ ಕೋರ್ಸನ್ನ ನಡುವೆ ನಿಲ್ಲಿಸಿರಬೇಕು, ಹಾಗಿದ್ರೆ ಅವನೇ ಮತ್ತೆ ಡಾಕ್ಟರ್‌ಗೆ ತೋರಿಸ್ಕೋಬೇಕು. ನೀನು ಆ ಮಾತ್ರೆ ಮುಟ್ಟಬೇಡ. ಸರ್ಕಾರಿ ಆಸ್ಪತ್ರೇಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ, ಸಿಫಿಲಿಸ್ ಟೆಸ್ಟ್ ಅಲ್ಲೇ ಮಾಡಿಸು, ಇದ್ದಿದ್ದೇ ಆದ್ರೆ ಪೆನಿಸಿಲಿನ್ ಇಂಜೆಕ್ಷನ್‌ಗೆ ವಾಸಿ ಆಗುತ್ತೆ. ಆ ಇನ್ನೊಬ್ಬರಿಗೂ ಟೆಸ್ಟ್ ಮಾಡಿಸೋಕೆ ಹೇಳು. ಜೊತೇಲೇ ಕರ್ಕೊಂಡು ಹೋದ್ರೆ ಇನ್ನೂ ಒಳ್ಳೇದು, ಒಬ್ಬರೇ ಹೋಗೋಕೆ ಅವರಿಗೂ ಭಯ ಇರುತ್ತೆ.


ಡಿ.ಫಾರ್ಮಾ ಕೊನೇ ವರ್ಷ
ಮಂಗಳವಾರ, ಬೆಳಗ್ಗೆ 11.15

ಆರು ತಿಂಗಳಿಗೊಂದು ಇಂಜೆಕ್ಷನ್ ಕೂಡ ಬಂದಿದೆ, ಲೆನಾಕಪವಿರ್ ಅಂತ. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಹೈದರಾಬಾದಿನ ಹೆಟೆರೊ, ಡಾ. ರೆಡ್ಡೀಸ್ ಕಂಪನಿಗಳು 2027ರಿಂದ ವರ್ಷಕ್ಕೆ 40 ಡಾಲರ್ ಆಸುಪಾಸಿನಲ್ಲಿ ಬಡ ದೇಶಗಳಿಗೆ ಒದಗಿಸ್ತೀವಿ ಅಂತ ಹೇಳಿವೆ. ಬಾಟಲಿ ಬಚ್ಚಿಡೋ ಕಷ್ಟ ಇರೋರಿಗೆ ಅದು ಬಂದ್ರೆ ದೊಡ್ಡ ಅನುಕೂಲ.


ಮದ್ದೂರು ಹುಡ್ಗ
ಮಂಗಳವಾರ, ರಾತ್ರಿ 8.40

ಅಕ್ಕ, ಅವರಿಗೆ ಫೋನ್ ಮಾಡ್ದೆ. ಮೊದಲು ಸಿಟ್ಟಾದ್ರು, ನನ್ನ ಮೇಲೆ ಅನುಮಾನಾನಾ ಅಂದ್ರು. ನಾನೂ ಮಾಡಿಸಿದೀನಿ ಅಂತ ನನ್ನ ರಿಪೋರ್ಟ್ ಫೋಟೊ ಕಳಿಸ್ದೆ. ಗುರುವಾರ ನನಗೆ ಎರಡನೇ ಪಾಳಿ, ಬೆಳಗ್ಗೆ ಬರ್ತೀನಿ ಅಂದಿದಾರೆ. ಹೋಗೋವಾಗ ಖಾಲಿ ಹೊಟ್ಟೇಲಿ ಇರಬೇಕಾ?


ಮಂಡ್ಯದ ಕೌನ್ಸೆಲರ್ ಅಕ್ಕ
ಮಂಗಳವಾರ, ರಾತ್ರಿ 8.55

ಬೇಡ, ಇಬ್ಬರೂ ತಿಂಡಿ ತಿಂದ್ಕೊಂಡೇ ಹೋಗಿ. ಆಧಾರ್ ಕಾರ್ಡ್ ಜೇಬಲ್ಲಿರಲಿ. ಒಪಿಡಿ ಚೀಟಿಗೆ ಒಂಬತ್ತರೊಳಗೆ ಹೋಗಿ ನಿಂತ್ಕೊಳ್ಳಿ, ಆಮೇಲೆ ಸಾಲು ಬೆಳೆಯುತ್ತೆ.