ಮಧ್ಯಾಹ್ನ ಎರಡರವರೆಗೂ ಕೆಡದ ಬುತ್ತಿ ಯಾವುದು? ಬಿಸಿಲಲ್ಲಿ ತಿರುಗುವವರು ಹೇಳಿ

ಬಿಳಿಚೋಡು ಬಸ್:

ಎಲ್ಲರಿಗೂ ನಮಸ್ಕಾರ. ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ, ಕೆಲಸ ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ. ಬೆಳೆ ಸಮೀಕ್ಷೆ, ರೈತರ ಸಭೆ, ಅರ್ಜಿ ಪರಿಶೀಲನೆ ಎಂದು ಇವತ್ತು ಅಸಗೋಡು, ನಾಳೆ ಬಿಳಿಚೋಡು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಊಟಕ್ಕೆ ಕೂರುವಾಗ ಎರಡು ಗಂಟೆ, ಕೆಲವೊಮ್ಮೆ ಮೂರು. ಶಾಲೆಯ ಜಗಲಿಯೋ, ಬೇವಿನ ಮರದ ಕಟ್ಟೆಯೋ, ಬಸ್ ತಂಗುದಾಣವೋ, ಎಲ್ಲಿ ನೆರಳಿದೆಯೋ ಅಲ್ಲಿ ಊಟ. ಫ್ರಿಜ್ ಇಲ್ಲ, ಬಿಸಿ ಮಾಡಿಕೊಳ್ಳಲು ಒಲೆ ಇಲ್ಲ. ಕೈ ತೊಳೆಯಲು ಬಾಟಲಿಯಲ್ಲಿರುವಷ್ಟೇ ನೀರು.

ಇಷ್ಟು ದಿನ ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು ಎಂದು ಸರದಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ. ಮಾರ್ಚ್ ಬಂದರೆ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆದಾಗಲೇ ವಾಸನೆ. ಆ ದಿನ ಬೇಕರಿಯ ಬನ್ನು, ಎರಡು ಚಹಾ. ಸಂಜೆ ದಾವಣಗೆರೆಯಲ್ಲಿ ಇಳಿಯುವಾಗ ಹಸಿವು ಎಷ್ಟಿರುತ್ತದೆಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿ ಬಿಟ್ಟು ಮುಂದಕ್ಕೆ ಕಾಲು ಬರುವುದಿಲ್ಲ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ವೈದ್ಯರು, ಸಕ್ಕರೆ ಪ್ರಮಾಣ ಗಡಿಯಲ್ಲಿದೆ, ಇನ್ನೂ ಮಾತ್ರೆ ಬೇಡ, ಆದರೆ ಅನ್ನ ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸಿ ಎಂದರು. ಹೇಳಿದ್ದು ಸರಿ. ಆದರೆ ಪಲ್ಯ, ಸಾರುಗಳನ್ನು ಚೀಲದಲ್ಲಿಟ್ಟುಕೊಂಡು ಬೈಕಿನ ಹಿಂದೆ ಕೂತು ಹೊಲದ ದಾರಿಯಲ್ಲಿ ಹೋಗುವುದು ಹೇಗೆ? ಅದೇ ಚೀಲದಲ್ಲಿ ರೈತರ ಪಹಣಿ ಪ್ರತಿಗಳೂ ಇರುತ್ತವೆ.

ಬೆಳಿಗ್ಗೆ ನನಗೆ ಸಿಗುವುದು ಅರ್ಧ ಗಂಟೆ, ಒಂದು ಒಲೆ. ಇನ್ನೊಂದರ ಮೇಲೆ ಮಾವನವರ ಗಂಜಿ ಇರುತ್ತದೆ. ಐದನೇ ತರಗತಿಯ ಮಗಳ ಡಬ್ಬಿಯೂ ಇದರಲ್ಲೇ ಆಗಬೇಕು. ಓಟ್ಸ್, ಸಲಾಡ್ ಎಂದು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದೆ, ಅವೆಲ್ಲ ಹವಾನಿಯಂತ್ರಿತ ಕಚೇರಿಯವರಿಗೆ. ನಮ್ಮ ಬಿಸಿಲಿನಲ್ಲಿ ನಿಜವಾಗಿ ಒಯ್ದು ತಿಂದವರು ಹೇಳಿದರೆ ಉಪಕಾರವಾಗುತ್ತದೆ.

ಕೋಟೆ ಊರಿನ ಅಕ್ಕ:

ತಂಗಿ, ನಾನು ಚಿತ್ರದುರ್ಗ–ದಾವಣಗೆರೆ ಮಾರ್ಗದ ಬಸ್ಸಿನಲ್ಲಿ ನಿರ್ವಾಹಕಿ. ನನ್ನ ಊಟದ ಹೊತ್ತು ಟ್ರಿಪ್ಪಿನ ಕೈಯಲ್ಲಿದೆ. ಭರಮಸಾಗರ ದಾಟುವಾಗಲೇ ಹಸಿವಾದರೂ ನಿಲ್ದಾಣದಲ್ಲಿ ಬಸ್ ನಿಂತ ಮೇಲೆ ಸಿಗುವ ಹತ್ತು ಹದಿನೈದು ನಿಮಿಷದಲ್ಲೇ ತಿಂದು ಮುಗಿಸಬೇಕು. ಹಾಗಾಗಿ ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು.

ನಾನು ಪಾಲಿಸುವುದು ಇಷ್ಟೇ. ಒಣಗಿದ್ದನ್ನು ಒಣಗಿದಂತೆಯೇ ಒಯ್ಯಿರಿ, ತರಕಾರಿಯನ್ನು ಹೆಚ್ಚದೆ ಇಡಿಯಾಗಿ ಒಯ್ಯಿರಿ, ಮೊಸರನ್ನು ಬೇರೆ ಡಬ್ಬಿಯಲ್ಲಿಡಿ. ಮೂರನ್ನೂ ತಿನ್ನುವಾಗಲೇ ಸೇರಿಸಿ. ನೀರು, ಈರುಳ್ಳಿ, ಹಸಿ ಕೊಬ್ಬರಿ ಸೇರಿದ ಊಟ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಮುಟ್ಟುವುದಿಲ್ಲ. ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದ ನಮ್ಮ ಹಿರಿಯರೆಲ್ಲ ಮಾಡಿದ್ದು ಇದನ್ನೇ: ರೊಟ್ಟಿ, ಒಣ ಚಟ್ನಿ, ಒಂದು ಈರುಳ್ಳಿ. ಈರುಳ್ಳಿಯನ್ನು ಅಲ್ಲೇ ಗುದ್ದಿ ಒಡೆಯುತ್ತಿದ್ದರು.

ಖಡಕ್ ರೊಟ್ಟಿ ನಿಮ್ಮ ಬೆಳಗಿನ ಅರ್ಧ ಗಂಟೆಯನ್ನೇ ಉಳಿಸುತ್ತದೆ. ಜೋಳದ್ದು, ಸಜ್ಜೆಯದು ಎರಡೂ ದಾವಣಗೆರೆಯಲ್ಲಿ ಮನೆಯಲ್ಲೇ ಮಾಡಿ ಮಾರುವ ಹೆಣ್ಣುಮಕ್ಕಳ ಬಳಿ ಸಿಗುತ್ತವೆ. ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತವೆ. ಗಟ್ಟಿ ರೊಟ್ಟಿ ಬೇಡವೆನಿಸಿದರೆ ತಿನ್ನುವ ಸ್ವಲ್ಪ ಮುಂಚೆ ಎರಡೂ ಬದಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಡಿ, ಮೆತ್ತಗಾಗುತ್ತದೆ. ನಾನು ಮುರಿದು ಮೊಸರಿಗೆ ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ಬೆರೆಸುತ್ತೇನೆ. ಐದು ನಿಮಿಷ ನೆನೆದರೆ ಚಮಚವೂ ಬೇಡ.

ಚಟ್ನಿಪುಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ರೊಟ್ಟಿಯ ಊಟ ಸಪ್ಪೆ ಎನ್ನುವವರು ಒಳ್ಳೆಯ ಪುಡಿ ತಿಂದಿರುವುದಿಲ್ಲ. ಶೇಂಗಾ ಚಳ್ಳಕೆರೆ ಕಡೆಯದು ಸಿಕ್ಕರೆ ಬಹಳ ಒಳ್ಳೆಯದು, ಸಿಗದಿದ್ದರೆ ಮಂಡಿಪೇಟೆಯಲ್ಲಿ ಕಾಳು ಮುರಿದು ನೋಡಿ ಕೊಳ್ಳಿ. ಕಹಿಯಾದ, ಮುಗ್ಗು ಹಿಡಿದ, ಬಣ್ಣ ಕೆಟ್ಟ ಕಾಳು ಒಂದೂ ಒಳಗೆ ಹೋಗಬಾರದು. ಸಣ್ಣ ಉರಿಯಲ್ಲಿ ಸಿಪ್ಪೆ ಅಲ್ಲಲ್ಲಿ ಕಂದು ಚುಕ್ಕೆ ಕಟ್ಟುವವರೆಗೆ ಹುರಿದು, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮೊದಲು ಒಣ ಮೆಣಸಿನಕಾಯಿ, ಜೀರಿಗೆ, ಉಪ್ಪು, ಗರಿಗರಿಯಾಗಿ ಹುರಿದ ಕರಿಬೇವು ಪುಡಿಯಾಗಲಿ. ಆಮೇಲೆ ಶೇಂಗಾ, ಕೊನೆಗೆ ಬೆಳ್ಳುಳ್ಳಿ. ಮಿಕ್ಸಿಯನ್ನು ಒಮ್ಮೆ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ. ಬೆರಳಿಗೆ ತರಿತರಿ ಸಿಗುವಾಗಲೇ ತೆಗೆಯಬೇಕು. ಒಂದು ವಾರ ಶೇಂಗಾ, ಮುಂದಿನ ವಾರ ಅಗಸೆ, ಅದರ ಮುಂದಿನ ವಾರ ಗುರೆಳ್ಳು ಮಾಡಿದರೆ ಬೇಸರ ಬರುವುದಿಲ್ಲ.

ಇನ್ನು ಕಾಳು. ಹೆಸರುಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಕೆಲಸಕ್ಕೆ ಹೋಗಿ. ಮರುದಿನ ಬೆಳಿಗ್ಗೆ ಮೊಳಕೆ ಸಿದ್ಧ. ಬೇಸಿಗೆಯಲ್ಲಿ ಸಂಜೆ ಮನೆಗೆ ಬಂದವರೇ ಗಂಟು ಬಿಚ್ಚಿ ಒಮ್ಮೆ ತೊಳೆಯಬೇಕು, ಇಲ್ಲವಾದರೆ ಲೋಳೆ ಬರುತ್ತದೆ. ಹಸಿ ಮೊಳಕೆಯನ್ನು ಹಾಗೇ ಒಯ್ಯಬೇಡಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಬೇಯಿಸಿ, ನೀರಿನ ಪಸೆ ಆರುವವರೆಗೆ ಬಾಣಲೆಯಲ್ಲೇ ಬಿಡಿ. ಕೊಬ್ಬರಿ ಬೇಡ. ಈ ಉಸಲಿಯನ್ನು ತಟ್ಟೆಗೆ ಹರಡಿ ಆರಿಸಿ ಡಬ್ಬಿಗೆ ತುಂಬಿ. ನಿಂಬೆಹಣ್ಣನ್ನು ಇಡಿಯಾಗಿ ಒಯ್ದು ಅಲ್ಲೇ ಹಿಂಡಿ. ಮಡಿಕೆ ಕಾಳು, ಹುರುಳಿ, ಕಡಲೆಗೂ ಇದೇ ಕ್ರಮ, ಆದರೆ ಹುರುಳಿ, ಕಡಲೆಯನ್ನು ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ.

ಜೊತೆಗೆ ಒಂದು ಸೌತೆಕಾಯಿ, ಒಂದು ಮೂಲಂಗಿ ಅಥವಾ ಗಜ್ಜರಿ, ಚಿಕ್ಕ ಚಾಕು. ತೊಳೆದು ಒರೆಸಿ ಬಟ್ಟೆ ಚೀಲದಲ್ಲಿಟ್ಟರೆ ಪಹಣಿ ಪ್ರತಿಗಳಿಗೆ ಏನೂ ಆಗುವುದಿಲ್ಲ. ಮೊಸರಿಗೆ ಮಾತ್ರ ರಬ್ಬರ್ ಉಂಗುರವಿರುವ ತಿರುಪು ಮುಚ್ಚಳದ ಸ್ಟೀಲ್ ಡಬ್ಬಿ ಕೊಳ್ಳಿ. ಅದಕ್ಕೆ ಹಾಕುವ ಹಣ ದಂಡವಲ್ಲ.

ಪ್ರಯೋಗಾಲಯದ ಮೇಷ್ಟ್ರು:

ಅಕ್ಕನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ, ಚಿತ್ರಾನ್ನ ಏಕೆ ಕೆಡುತ್ತದೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯುವ ಬಿಸಿಯಲ್ಲೂ ಅವು ಸಾಯದೆ ಉಳಿಯುತ್ತವೆ. ಬೆಂದ ಅನ್ನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ಹೆಚ್ಚಿ ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ನಮ್ಮ ಏಪ್ರಿಲ್ ಮಧ್ಯಾಹ್ನ ಸರಿಯಾಗಿ ಅದರ ನಡುವೆ ಬರುತ್ತದೆ. ಬಿಸಿ ಅನ್ನವನ್ನು ಸಾಧಾರಣ ಡಬ್ಬಿಗೆ ಒತ್ತಿ ತುಂಬಿ ಮುಚ್ಚಿದರೆ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಮುಚ್ಚಳದ ಹಬೆ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ಪದ್ಧತಿ ಬಹಳ ಮನೆಗಳಲ್ಲಿದೆ. ದಯವಿಟ್ಟು ಬಿಡಿ. ರಾತ್ರಿಯ ಅನ್ನ ಬಳಸುವುದೇ ಆದರೆ ಬೆಂದ ಒಂದು ಗಂಟೆಯೊಳಗೆ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ.

ಅನ್ನ ಬೇಕೇ ಬೇಕು ಎಂದರೆ ಮೊಸರನ್ನ ಮೇಲು. ಆಗತಾನೇ ಮಾಡಿದ ಅನ್ನವನ್ನು ಹಿಸುಕಿ, ಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಸೇರಿಸಿ, ಅರ್ಧ ಚಮಚ ಮೊಸರು ಬೆರೆಸಿ. ದಾರಿಯಲ್ಲೇ ಹೆಪ್ಪಾಗುತ್ತದೆ. ಹುಳಿ ಬರುತ್ತಾ ಹೋದಂತೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ. ಚಳಿಗಾಲದಲ್ಲಿ ಮೊಸರು ಒಂದು ಚಮಚ ಆಗಲಿ.

ಉಪ್ಪಿನ ಬಗ್ಗೆಯೂ ಗಮನ ಇರಲಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು. ಚಟ್ನಿಪುಡಿ, ಉಪ್ಪಿನಕಾಯಿ, ಸಂಜೆಯ ಮಂಡಕ್ಕಿ ಮೂರೂ ಒಂದೇ ದಿನ ಬಂದರೆ ಅದನ್ನು ದಾಟುವುದು ಸುಲಭ.

ಬಿಳಿಚೋಡು ಬಸ್:

ಇಬ್ಬರಿಗೂ ತುಂಬಾ ಧನ್ಯವಾದ. ರಾತ್ರಿಯ ಅನ್ನದ ವಿಷಯವನ್ನು ಈಗಲೇ ಮನೆಯಲ್ಲಿ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ ಇವೆ. ರೊಟ್ಟಿಯೂ ಇಲ್ಲ, ಕಾಳೂ ನೆನೆಹಾಕಿಲ್ಲ ಎನ್ನುವ ಬೆಳಿಗ್ಗೆ ಏನು ಮಾಡುವುದು? ಮತ್ತೆ, ಎಲ್ಲರೂ ಸಿರಿಧಾನ್ಯ ತಿನ್ನಿ ಎನ್ನುತ್ತಾರೆ. ಒಮ್ಮೆ ನವಣೆ ಉಪ್ಪಿಟ್ಟು ಒಯ್ದಿದ್ದೆ, ಮಧ್ಯಾಹ್ನಕ್ಕೆ ಗಂಟಲಲ್ಲಿ ಇಳಿಯದಷ್ಟು ಒಣಗಿತ್ತು.

ಸಾವೆ ಹೊಲ:

ನಾನು ಹೊಸದುರ್ಗದವನು. ಸಾವೆ, ನವಣೆ, ರಾಗಿ ಬೆಳೆಯುತ್ತೇವೆ, ಮನೆಯಲ್ಲೂ ಅದನ್ನೇ ಉಣ್ಣುತ್ತೇವೆ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯವರೂ ಕೇಳಿಕೊಂಡು ಬರುತ್ತಿದ್ದಾರೆ, ಸಂತೋಷ. ಆದರೆ ಬೆಳೆಯುವವನಾಗಿಯೇ ಹೇಳುತ್ತೇನೆ, ನವಣೆಯಲ್ಲೂ ಪಿಷ್ಟವಿದೆ. ತಟ್ಟೆ ತುಂಬಾ ನವಣೆ ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ಅಳತೆ ಕಡಿಮೆ ಇರಲಿ, ಕಾಳು ಜೊತೆಗಿರಲಿ.

ಆರಿದ ನವಣೆ ಗಟ್ಟಿಯಾಗುವುದು ಸಹಜ. ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಇಟ್ಟು ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಒಯ್ಯುವುದಕ್ಕೆ ಉಪ್ಪಿಟ್ಟಿಗಿಂತ ಮೇಷ್ಟ್ರು ಹೇಳಿದ ಮೊಸರನ್ನದ ಕ್ರಮದಲ್ಲಿ ನವಣೆಯನ್ನೇ ಕಲಸಿ, ಮಧ್ಯಾಹ್ನವೂ ಮೆತ್ತಗಿರುತ್ತದೆ.

ಏನೂ ಇಲ್ಲದ ಬೆಳಿಗ್ಗೆಗೆ ನನ್ನ ಉತ್ತರ ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಹದಕ್ಕೆ ತಂದು ಕಾದ ಬಾಣಲೆಗೆ ಹಾಕಿದರೆ ಚಿಟಚಿಟ ಎಂದು ಬಿಳಿ ಅರಳು ಬಿಚ್ಚುತ್ತದೆ, ಮನೆಯೆಲ್ಲ ಘಮ. ಅದನ್ನು ಬೀಸಿದರೆ ಹುರಿಹಿಟ್ಟು. ಆಗಲೇ ಬೆಂದಿರುವುದರಿಂದ ಒಲೆಯ ಹಂಗಿಲ್ಲ. ಎಲ್ಲರೂ ಹಾಲು, ಬೆಲ್ಲ ಹಾಕಿ ಕಲಸುತ್ತಾರೆ. ನಿಮಗೆ ಬೆಲ್ಲ ಬೇಡ. ನಾಲ್ಕು ಚಮಚ ಹಿಟ್ಟಿಗೆ ಮಜ್ಜಿಗೆ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ. ಗಟ್ಟಿಯಾಗಿ ಬೇಕಾದರೆ ಕಲಸಿ ತಿನ್ನಿ, ತೆಳ್ಳಗೆ ಬೇಕಾದರೆ ಬಾಟಲಿಯಲ್ಲಿ ಕುಲುಕಿ ಕುಡಿಯಿರಿ. ಹಿಟ್ಟಿನ ಡಬ್ಬಿಯೊಂದು ಸದಾ ಚೀಲದಲ್ಲೇ ಇರಲಿ, ಮಜ್ಜಿಗೆ ಯಾವ ಹಳ್ಳಿಯಲ್ಲಾದರೂ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಪ್ರೋಟೀನ್ ಮಾತ್ರ ರಾಗಿಯಲ್ಲಿ ಕಡಿಮೆ, ನೂರು ಗ್ರಾಂಗೆ ಏಳರ ಆಸುಪಾಸು. ಹೆಸರುಕಾಳು, ಶೇಂಗಾದಲ್ಲಿ ಅದು ಇಪ್ಪತ್ತನ್ನು ದಾಟುತ್ತದೆ. ಆದ್ದರಿಂದ ಹುರಿಹಿಟ್ಟಿನ ದಿನ ಒಂದು ಹಿಡಿ ಹುರಿದ ಶೇಂಗಾ ಮರೆಯಬೇಡಿ.

ಕೋಟೆ ಊರಿನ ಅಕ್ಕ:

ಸಾವೆ ಹೊಲದ ಅಣ್ಣನವರು ಒಳ್ಳೆಯ ಮಾತು ಹೇಳಿದರು. ಹುರಿಹಿಟ್ಟು ನಮ್ಮ ಮನೆಯಲ್ಲೂ ಇದೆ, ಮಜ್ಜಿಗೆಯಲ್ಲಿ ನಾನು ಕಲಸಿದ್ದಿಲ್ಲ, ಈ ವಾರವೇ ನೋಡುತ್ತೇನೆ.

ತಂಗಿ, ನಿಮ್ಮ ಸಂಜೆಯ ಮಂಡಕ್ಕಿಯ ಬಗ್ಗೆ ಯಾರೂ ಹೇಳಲಿಲ್ಲ. ಮಂಡಕ್ಕಿಯನ್ನು ಬಿಡುವುದು ಬೇಡ, ಜೊತೆಗೆ ಬರುವ ಬಜ್ಜಿಯನ್ನು ವಾರಕ್ಕೊಮ್ಮೆ ಇಟ್ಟುಕೊಳ್ಳಿ. ಮಂಡಕ್ಕಿ ಎಂದರೆ ಅಕ್ಕಿಯೇ, ಹೊಟ್ಟೆ ತುಂಬಿದಂತಾಗಿ ಬೇಗ ಮತ್ತೆ ಹಸಿವಾಗುತ್ತದೆ. ಬೆಳಗಿನ ಉಸಲಿಯಲ್ಲಿ ಎರಡು ಹಿಡಿ ತೆಗೆದು ಮನೆಯಲ್ಲೇ ಇಡಿ, ಫ್ರಿಜ್ಜಿನಲ್ಲಿರಲಿ. ಸಂಜೆ ಬಂದು ಅದನ್ನು ಬಿಸಿ ಮಾಡಿ ಒಂದು ಬೊಗಸೆ ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿಗಡಲೆ ಪುಡಿ ಸೇರಿಸಿ ಕಲಸಿದರೆ ಗಾಡಿಯ ಮುಂದೆ ನಿಲ್ಲುವ ಆಸೆ ಅರ್ಧ ಇಳಿಯುತ್ತದೆ. ಮಧ್ಯಾಹ್ನದ ಊಟ ಸರಿಯಾದರೆ ಉಳಿದರ್ಧ ತಾನೇ ಇಳಿಯುತ್ತದೆ.

ಊಟ ಮೂರು ಗಂಟೆಗೆ ಹೋಗುವ ದಿನ ಹನ್ನೊಂದೂವರೆಗೆ ಒಂದು ಸೀಬೆಹಣ್ಣು, ನಾಲ್ಕು ಶೇಂಗಾ ಬಾಯಿಗೆ ಹಾಕಿಕೊಳ್ಳಿ. ನಿಮಗೆ ಮಾತ್ರೆ ಇಲ್ಲ, ಆದರೆ ಇದನ್ನು ಓದುವವರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಊಟದ ಹೊತ್ತು ಮೀರಿಸಲೇಬೇಡಿ. ರಕ್ತದಲ್ಲಿ ಸಕ್ಕರೆ ತೀರಾ ಇಳಿದು, ಬೆವರಿ, ಕೈ ನಡುಗಿ, ಬಸ್ಸಿನಲ್ಲೇ ಕುಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ.

ಮಗಳಿಗೆ ಬೇರೆ ಅಡುಗೆ ಬೇಡ. ಅದೇ ಉಸಲಿಯನ್ನು ಮೆತ್ತನೆಯ ಚಪಾತಿಯೊಳಗೆ ಸುತ್ತಿ ಎರಡು ತುಂಡು ಮಾಡಿ ಕೊಡಿ, ಹಸಿಮೆಣಸಿನಕಾಯಿ ಮಾತ್ರ ಆರಿಸಿ ತೆಗೆಯಿರಿ. ಹಿಟ್ಟನ್ನು ರಾತ್ರಿಯೇ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಉಸಲಿ ಇಳಿಸಿದ ಒಲೆಯ ಮೇಲೇ ಎರಡು ಚಪಾತಿ ಆಗುತ್ತವೆ. ರೊಟ್ಟಿ ಮಾರುವವರ ವಿಳಾಸವನ್ನು ನಿಟುವಳ್ಳಿಯಲ್ಲೇ ಅಕ್ಕಪಕ್ಕದವರನ್ನು ಕೇಳಿ, ಮೊದಲು ಹತ್ತು ಮಾತ್ರ ಕೊಂಡು ನೋಡಿ. ಮುರಿದಾಗ ಟಕ್ಕೆಂದು ಶಬ್ದ ಬಂದರೆ ಮತ್ತೆ ಅವರ ಬಳಿಯೇ ಕೊಳ್ಳಿ.