ಪಿಪಿ + ಎಪಿಪಿ + ನ್ಯಾನೋಕ್ಲೇ: ಕೋನ್‌ನಲ್ಲಿ ಚೆನ್ನಾಗಿದೆ, ಯುಎಲ್-94ರಲ್ಲಿ ವಿ-2 ದಾಟುತ್ತಿಲ್ಲ

ಕಾಂಪೌಂಡರ್_ಪಿಪಿ:
ಇ-ಸ್ಕೂಟರ್ ಬ್ಯಾಟರಿಯ ಸೆಲ್ ಹೋಲ್ಡರ್‌ಗೆ ಹ್ಯಾಲೋಜನ್ ಇಲ್ಲದ, ಬೆಂಕಿ ತಡೆಯುವ ಪಾಲಿಪ್ರೊಪಿಲೀನ್ (ಪಿಪಿ) ಬೇಕಾಗಿದೆ. ಈಗಿನ ಮಿಶ್ರಣ, ತೂಕದ ಶೇಕಡಾವಾರು: ಪಿಪಿ 67, ಅಮೋನಿಯಂ ಪಾಲಿಫಾಸ್ಫೇಟ್ (ಎಪಿಪಿ, ಬಿಸಿಗೆ ಆಮ್ಲ ಬಿಡುವ ಬೆಂಕಿ ತಡೆಕ) 18, ಪೆಂಟಾಎರಿಥ್ರಿಟಾಲ್ (ಪೆಂಟಾ, ಇದ್ದಿಲಾಗುವ ಅಂಶ) 6, ಆರ್ಗನೋಕ್ಲೇ (ಸಾವಯವ ಲೇಪದ ನ್ಯಾನೋ ಜೇಡಿ) 4, ಮಲೇಯಿಕ್ ಗ್ರಾಫ್ಟ್ ಪಿಪಿ (ಕ್ಲೇಯನ್ನು ಪಿಪಿಗೆ ಬೆಸೆಯುವ ಅಂಶ) 5. ಕೋನ್ ಕ್ಯಾಲೊರಿಮೀಟರ್‌ನಲ್ಲಿ (ಉರಿಯುವಾಗ ಹೊರಬರುವ ಶಾಖ ಅಳೆಯುವ ಯಂತ್ರ) ಪೀಕ್ ಹೀಟ್ ರಿಲೀಸ್ (ಶಾಖ ಹೊರಬರುವ ಗರಿಷ್ಠ ದರ) ಬರಿಯ ಪಿಪಿಯ ಕಾಲು ಭಾಗಕ್ಕೆ ಇಳಿದಿದೆ. ಆದರೆ ಯುಎಲ್-94 ಉರಿ ಪರೀಕ್ಷೆಯಲ್ಲಿ (ವಿ-0 ಮೇಲಿನ ದರ್ಜೆ, ವಿ-2 ಕೆಳಗಿನದು) 1.6 ಮಿ.ಮೀ. ಪಟ್ಟಿಗಳು ಎರಡನೇ ಸಲ ಜ್ವಾಲೆ ಹಿಡಿದ ಮೇಲೆ 20 ಸೆಕೆಂಡ್‌ಗೂ ಹೆಚ್ಚು ಉರಿಯುತ್ತವೆ, ಕೆಲವು ತೊಟ್ಟಿಕ್ಕಿ ಕೆಳಗಿಟ್ಟ ಹತ್ತಿಯನ್ನೂ ಹೊತ್ತಿಸುತ್ತವೆ. ಕ್ಲೇ ಇನ್ನೂ ಹೆಚ್ಚಿಸಬೇಕೆ?

ಜೇಡಿಪದರ:
ಬೇಡ, ಇಳಿಸಿ. ಕೋನ್‌ನಲ್ಲಿ ಮಾದರಿ ಮಲಗಿರುತ್ತದೆ, ಕ್ಲೇ ಮೇಲ್ಮೈಗೆ ಬಂದು ಮುಚ್ಚಳ ಕಟ್ಟಲು ಸಮಯ ಸಿಗುತ್ತದೆ. ಪೀಕ್ ಇಳಿಯುತ್ತದೆ, ಆದರೆ ಒಟ್ಟು ಹೊರಬರುವ ಶಾಖಕ್ಕೆ ಕ್ಲೇ ಹೆಚ್ಚೇನೂ ಮಾಡುವುದಿಲ್ಲ. ಯುಎಲ್‌ನಲ್ಲಿ ಪಟ್ಟಿ ನೆಟ್ಟಗೆ ನಿಂತಿರುತ್ತದೆ, ಜ್ವಾಲೆ ಕೆಳಗಿನಿಂದ, ತಲಾ 10 ಸೆಕೆಂಡ್ ಮಾತ್ರ. ಅಲ್ಲಿ ಕಾಪಾಡಬೇಕಾದದ್ದು ಉಬ್ಬುವ ಇದ್ದಿಲು ಪದರ. 4% ಕ್ಲೇ ಕರಗಿದ ಪಿಪಿಯನ್ನು ಗಟ್ಟಿ ಮಾಡುತ್ತದೆ. ಪೂರಿಯಂತೆ ಉಬ್ಬಬೇಕಾದದ್ದು ಬಿರುಕುಬಿಟ್ಟ ಚಿಪ್ಪಾಗುತ್ತದೆ, ಬಿರುಕಿನಿಂದ ಅನಿಲ ನುಗ್ಗಿ ಉರಿ ಮುಂದುವರಿಯುತ್ತದೆ. ಜೊತೆಗೆ ಕ್ಲೇ ಎಪಿಪಿಯ ಆಮ್ಲದ ಒಂದಂಶವನ್ನು ಫಾಸ್ಫೇಟ್ ಮಾಡಿಕೊಂಡು ನುಂಗುತ್ತದೆ.

ಹೀಗೆ ಮಾಡಿ ನೋಡಿ: ಪಿಪಿ 68, ಎಪಿಪಿ 21, ಪೆಂಟಾ 7, ಕ್ಲೇ 1, ಗ್ರಾಫ್ಟ್ ಪಿಪಿ 3. ಎಪಿಪಿ–ಪೆಂಟಾ 3:1 ಅನುಪಾತ ಹಾಗೇ ಇರಲಿ. ತೊಟ್ಟಿಕ್ಕುವುದು ನಿಲ್ಲದಿದ್ದರೆ ಪಿಟಿಎಫ್‌ಇ (ಟೆಫ್ಲಾನ್) 0.2–0.3% ಸೇರಿಸಿ.

ಎರಡುಸ್ಕ್ರೂ:
ಎಪಿಪಿ ಯಾವ ದರ್ಜೆಯದು? ಫೇಸ್ 2 ಆಗಿರಲೇಬೇಕು. ಫೇಸ್ 1ರ ಸರಪಳಿ ಗಿಡ್ಡ, ನೀರಿನಲ್ಲಿ ಬೇಗ ಕರಗುತ್ತದೆ, ಎಕ್ಸ್‌ಟ್ರೂಡರ್‌ನಲ್ಲೇ (ಕರಗಿಸಿ ಬೆರೆಸುವ ಸ್ಕ್ರೂ ಯಂತ್ರ) ಒಡೆಯತೊಡಗುತ್ತದೆ. ಕ್ಲೇಯನ್ನು ಗ್ರಾಫ್ಟ್ ಪಿಪಿ ಜೊತೆ ಮೊದಲು ಮಾಸ್ಟರ್‌ಬ್ಯಾಚ್ (ದಟ್ಟ ಪೂರ್ವಮಿಶ್ರಣ) ಮಾಡಿ, ಎಪಿಪಿಯನ್ನು ಸೈಡ್ ಫೀಡರ್‌ನಿಂದ ಕೊನೆಗೆ ಬಿಡಿ, ಬ್ಯಾರೆಲ್ 180–200 ಡಿಗ್ರಿ. ಸಾಧಾರಣ ಕ್ಲೇಗಳ ಸಾವಯವ ಲೇಪವಾದ ಕ್ವಾಟರ್ನರಿ ಅಮೋನಿಯಂ 200ರ ಆಸುಪಾಸಿನಲ್ಲೇ ಒಡೆಯಲು ಶುರು. ವೆಂಟ್ ಬಳಿ ಮೀನುವಾಸನೆ ಬಂದರೆ ಅಮೈನ್ ಹೊರಬರುತ್ತಿದೆ ಎಂದೇ ಅರ್ಥ. ಅದು ಬೆಂಕಿ ಹೊತ್ತಿಕೊಳ್ಳುವ ಸಮಯವನ್ನೂ ಮುಂಚಿತಗೊಳಿಸುತ್ತದೆ.

ಟೆಸ್ಟ್‌ಬೆಂಚ್:
ಪಿಟಿಎಫ್‌ಇ ಬಗ್ಗೆ ನನ್ನ ತಕರಾರಿದೆ. ಅದು ಫ್ಲೋರಿನ್ ಸಂಯುಕ್ತ, 'ಹ್ಯಾಲೋಜನ್ ಇಲ್ಲ' ಎಂದು ಬರೆದುಕೊಡುವ ಮುನ್ನ ಗ್ರಾಹಕರು ಪಿಎಫ್‌ಎಎಸ್ (ಪಿಟಿಎಫ್‌ಇ ಸೇರುವ ಫ್ಲೋರಿನ್ ರಾಸಾಯನಿಕಗಳ ಗುಂಪು) ಒಪ್ಪುತ್ತಾರೆಯೇ ಕೇಳಿಕೊಳ್ಳಿ.

ಪಟ್ಟಿಗಳನ್ನು 23 ಡಿಗ್ರಿ, 50% ಆರ್ದ್ರತೆಯಲ್ಲಿ 48 ಗಂಟೆ ಇಟ್ಟದ್ದಷ್ಟೇ ಸಾಲದು, 70 ಡಿಗ್ರಿಯಲ್ಲಿ 168 ಗಂಟೆಯ ಇನ್ನೊಂದು ಸೆಟ್ ಕೂಡ ಬೇಕು. ವಿ-0ಗೆ ಪ್ರತಿ ಉರಿ 10 ಸೆಕೆಂಡ್ ಒಳಗೆ, ಐದು ಪಟ್ಟಿಗಳ ಒಟ್ಟು 50 ಒಳಗೆ. ತೇವ ತಗಲುವ ಜಾಗವಾದರೆ ಪೆಂಟಾ ನೀರಿಗೆ ಸೋರಿಹೋಗುತ್ತದೆ; ಅದರ ಬದಲು ಟ್ರೈಯಜಿನ್ ಪಾಲಿಮರ್ ಮತ್ತು ಕೋಟಿಂಗ್ ಇರುವ ಎಪಿಪಿ ವಾಸಿ, ಬೆಲೆ ಮಾತ್ರ ಜಾಸ್ತಿ.

ವಿ-0 ಬಂತೆಂದು ಥರ್ಮಲ್ ರನ್‌ಅವೇ (ಸೆಲ್ ತಾನಾಗಿಯೇ ಬಿಸಿಯೇರುತ್ತಾ ಹೋಗಿ ಸಿಡಿಯುವುದು) ತಡೆಯುತ್ತದೆ ಎಂದುಕೊಳ್ಳಬೇಡಿ. ಯುಎಲ್‌ನ ಜ್ವಾಲೆ 20 ಮಿ.ಮೀ., ಸುಮಾರು 50 ವ್ಯಾಟ್. ಸಿಡಿದ ಸೆಲ್ಲಿನ ಬಿಸಿ ಅನಿಲದ ಮುಂದೆ ಅದು ಏನೂ ಅಲ್ಲ. ಸೆಲ್‌ಗಳ ನಡುವಿನ ಅಂತರ, ಮೈಕಾ ಹಾಳೆ, ಅನಿಲ ಹೊರಹೋಗುವ ದಾರಿ ಇವನ್ನು ಬೇರೆಯಾಗಿಯೇ ಪ್ಯಾಕ್ ಮಟ್ಟದಲ್ಲಿ ಪರೀಕ್ಷಿಸಬೇಕು.